ಒಂದೇ ರಾತ್ರಿ, ಮೂರು ಟೇಪು

1977ರ ಮೇ 8. ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳು ಬಂದಿದ್ದರೂ ಹೊರಗೆ ಹಿಮ ಬಿದ್ದ ರಾತ್ರಿ. ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ತಂಡ ಅವತ್ತು ನುಡಿಸಿದ್ದೇ ಅವರ ಜೀವಮಾನದ ಶ್ರೇಷ್ಠ ಕಛೇರಿ ಅನ್ನುತ್ತದೆ ಅಭಿಮಾನಿಗಳ ಒಂದು ಪಂಗಡ. ಅಷ್ಟು ಹೆಸರು ಬಂದದ್ದು ನುಡಿಸಾಣಿಕೆಯಿಂದಲ್ಲ, ಟೇಪಿನಿಂದ ಅನ್ನುತ್ತದೆ ಇನ್ನೊಂದು. ನಾಲ್ಕು ದಶಕವಾದರೂ ಈ ಜಗಳ ಮುಗಿದಿಲ್ಲ. ನನ್ನ ಒಲವು ಎರಡನೆಯವರ ಕಡೆಗೆ. ಯಾಕೆ ಅನ್ನುವುದೇ ಇವತ್ತಿನ ಮಾತು.

ತಂಡದ ಪರಿಚಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. 1995ರ ಆಗಸ್ಟ್ 9ರಂದು ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡಾಗ ಆ ಹೆಸರಿನಲ್ಲಿ ನುಡಿಸುವುದು ನಿಂತಿತು. ನಡುವೆ 2,300ಕ್ಕೂ ಹೆಚ್ಚು ಕಛೇರಿ. ನಿನ್ನೆಯ ಹಾಡಿನ ಪಟ್ಟಿ ಇವತ್ತಿಗಿಲ್ಲ. ಅದೇ ಹಾಡು ಬಂದರೂ ನಿನ್ನೆ ಎಂಟು ನಿಮಿಷದ್ದು ಇವತ್ತು ಇಪ್ಪತ್ತು ನಿಮಿಷ. ನಮ್ಮಲ್ಲಿ ಯಾರಾದರೂ ‘ಅವರ ತೋಡಿ ಒಂದು ಸಲ ಕೇಳಿಯಾಯಿತು, ಇನ್ನು ಸಾಕು’ ಅನ್ನುತ್ತಾರೆಯೇ? ಇವರ ಅಭಿಮಾನಿಗಳದ್ದೂ ಅದೇ ಜಾಯಮಾನ. ಒಂದೊಂದು ರಾತ್ರಿಯೂ ಬೇರೆ ಬೇರೆ, ಹಾಗಾಗಿ ಎಲ್ಲವೂ ಬೇಕು.

ತಂಡದ ಟೇಪುಗಳಿಡುವ ಉಗ್ರಾಣಕ್ಕೆ ‘ವಾಲ್ಟ್’ ಅನ್ನುತ್ತಾರೆ. ಅಲ್ಲಿಂದ ಹಳೆಯ ಕಛೇರಿಗಳು ಸರಣಿಯಾಗಿ ಹೊರಬರಲು ಶುರುವಾದದ್ದು 1991ರಲ್ಲಿ. ವಾಲ್ಟ್ ನೋಡಿಕೊಳ್ಳುತ್ತಿದ್ದ ಡಿಕ್ ಲಾಟ್ವಾಲಾ ಹೆಸರಿನಲ್ಲಿ 1993ರಿಂದ ‘ಡಿಕ್ಸ್ ಪಿಕ್ಸ್’ ಸರಣಿ ಬಂತು. 1999ರಲ್ಲಿ ಅವರು ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಮುಂದುವರಿದು 2005ಕ್ಕೆ 36 ಸಂಪುಟ ಆಯಿತು. 2012ರಿಂದ ನಡೆಯುತ್ತಿರುವುದು ಡೇವಿಡ್ ಲೆಮ್ಯೂ ಆಯ್ಕೆ ಮಾಡುವ ‘ಡೇವ್ಸ್ ಪಿಕ್ಸ್’, ವರ್ಷಕ್ಕೆ ನಾಲ್ಕು. ದೊಡ್ಡ ಪೆಟ್ಟಿಗೆಗಳು ಬೇರೆ. 2011ರಲ್ಲಿ 1972ರ ಯುರೋಪ್ ಪ್ರವಾಸದ 22 ಕಛೇರಿಯೂ ಸೇರಿ 73 ಸಿಡಿ. 2015ರಲ್ಲಿ ವರ್ಷಕ್ಕೊಂದರಂತೆ 30 ಕಛೇರಿ, 80 ಸಿಡಿ. ಇಷ್ಟು ಸಿಕ್ಕ ಮೇಲೂ ಜಗಳ ಯಾಕೆ ಅಂತ ನೀವು ಕೇಳಬಹುದು. ಇಷ್ಟು ಸಿಕ್ಕಿದ್ದರಿಂದಲೇ ಜಗಳ.

ಈಗ ಟೇಪಿನ ವಿಚಾರಕ್ಕೆ ಬರೋಣ. ಒಂದೇ ರಾತ್ರಿಗೆ ಮೂರು ಬಗೆಯ ಟೇಪು ಇರಬಹುದು. ಮೊದಲನೆಯದು ಮಲ್ಟಿಟ್ರ್ಯಾಕ್: ಗಿಟಾರಿಗೊಂದು, ಕಂಠಕ್ಕೊಂದು, ಡ್ರಮ್ಮಿಗೆ ಮೂರೋ ನಾಲ್ಕೋ, ಹೀಗೆ 8, 16 ಅಥವಾ 24 ಬೇರೆ ಬೇರೆ ಸಾಲು. ಎಷ್ಟೋ ವರ್ಷದ ಮೇಲೆ ಕುಳಿತು ಯಾವುದು ಎಷ್ಟು ಜೋರಿರಬೇಕು ಅಂತ ಹೊಂದಿಸಿ, ಹೊಸದಾಗಿ ಮಿಕ್ಸ್ ಮಾಡಬಹುದು. ಇದು ದುಬಾರಿ ಬಾಬತ್ತು. ಆಲ್ಬಮ್ ತರುವ ಯೋಜನೆ ಇದ್ದಾಗ ಮಾತ್ರ ಮಾಡಿಸುತ್ತಿದ್ದರು. ಎರಡನೆಯದು ಸೌಂಡ್‌ಬೋರ್ಡ್ ಟೇಪು: ಹಾಲಿನ ಧ್ವನಿ ಹೊಂದಿಸುವ ಮಿಕ್ಸರಿನಿಂದ ನೇರವಾಗಿ ಎರಡು ಸಾಲು, ಎಡ ಮತ್ತು ಬಲ. ಅವತ್ತು ಆದದ್ದೇ ಮಿಕ್ಸ್, ಇನ್ನು ಬಿಡಿಸಿ ಜೋಡಿಸುವ ಹಾಗಿಲ್ಲ. ವಾಲ್ಟಿನಿಂದ ಬಂದದ್ದರಲ್ಲಿ ಬಹುಪಾಲು ಇಂಥದ್ದೇ. ಮೂರನೆಯದು ಪ್ರೇಕ್ಷಕರ ಟೇಪು: ಜನರ ನಡುವೆ ಕೋಲಿಗೆ ಮೈಕು ಕಟ್ಟಿ ಅಭಿಮಾನಿಗಳೇ ಹಿಡಿದದ್ದು. ಈ ತಂಡ ಅದಕ್ಕೆ ಅಡ್ಡಿ ಮಾಡಲಿಲ್ಲ. 1984ರ ಅಕ್ಟೋಬರ್ 27ರಿಂದ, ಬರ್ಕ್ಲಿಯ ಕಛೇರಿಯಲ್ಲಿ ಮೊದಲುಮಾಡಿ, ಟೇಪು ಮಾಡುವವರಿಗೆ ಬೇರೆ ಜಾಗವನ್ನೇ ಕೊಟ್ಟಿತು. ಷರತ್ತು ಒಂದೇ: ವಿನಿಮಯ ಮಾಡಿಕೊಳ್ಳಿ, ಮಾರಬೇಡಿ.

ಸೌಂಡ್‌ಬೋರ್ಡ್ ಅಂದ ಕೂಡಲೇ ‘ಸ್ವಚ್ಛ’ ಅಂದುಕೊಳ್ಳುವುದು ಹೊಸಬರು ಮಾಡುವ ತಪ್ಪು. ಸಣ್ಣ ಹಾಲ್ ಒಂದನ್ನು ಕಲ್ಪಿಸಿಕೊಳ್ಳಿ. ಗಿಟಾರಿನ ಆಂಪ್ಲಿಫೈಯರು ವೇದಿಕೆಯ ಮೇಲೆಯೇ ಗುಡುಗುತ್ತಿದೆ. ಅದನ್ನು ಮೈಕಿನಲ್ಲಿ ಎತ್ತಿ ಸ್ಪೀಕರಿಗೆ ಕಳಿಸುವ ಅಗತ್ಯ ಹೆಚ್ಚಿಲ್ಲ. ಕಂಠ ಮಾತ್ರ ಸ್ಪೀಕರಿನಿಂದಲೇ ಬರಬೇಕು. ಹಾಗಾಗಿ ಮಿಕ್ಸರಿನಲ್ಲಿ ಕಂಠ ಜೋರು, ಗಿಟಾರು ಕ್ಷೀಣ. ಹಾಲಿನಲ್ಲಿ ಕುಳಿತವರಿಗೆ ಎರಡೂ ಕೂಡಿ ಸರಿಯಾಗಿಯೇ ಕೇಳಿಸಿತು. ಟೇಪಿಗೆ ಬಂದದ್ದು ಮಿಕ್ಸರಿನ ಅರ್ಧ ಮಾತ್ರ: ಕಿವಿಯೊಳಗೇ ಬಂದು ಹಾಡುವ ಗಾಯಕರು, ಪಕ್ಕದ ಮನೆಯಿಂದ ಕೇಳುವ ಗಿಟಾರು.

ಕಾರ್ನೆಲ್ ಟೇಪು ಹಾಗಿಲ್ಲ, ಅದಕ್ಕೆ ಕಾರಣ ತಂಡಕ್ಕೆ ಧ್ವನಿಮುದ್ರಣ ಮಾಡುತ್ತಿದ್ದ ಬೆಟ್ಟಿ ಕ್ಯಾಂಟರ್-ಜಾಕ್ಸನ್. ಹಾಲಿನ ಸ್ಪೀಕರಿಗೆ ಹೋಗುವ ಮಿಕ್ಸಿನಿಂದ ಅವರು ಕದ್ದು ತೆಗೆಯಲಿಲ್ಲ. ಮೈಕುಗಳ ತಂತಿಯನ್ನು ಕವಲೊಡೆಸಿಕೊಂಡು, ಟೇಪಿಗಾಗಿಯೇ ಪ್ರತ್ಯೇಕ ಮಿಕ್ಸ್ ಕಟ್ಟುತ್ತಿದ್ದರು. ಅದೂ ಎರಡೇ ಸಾಲಿಗೆ, ಆ ಕ್ಷಣದಲ್ಲೇ, ತಿದ್ದಲು ಅವಕಾಶವಿಲ್ಲದೆ. ಬಾಸ್ ಎಲ್ಲಿ ಕೂರಬೇಕು, ಎರಡು ಡ್ರಮ್ ಸೆಟ್ಟುಗಳನ್ನು ಎಡಬಲಕ್ಕೆ ಎಷ್ಟು ಹರಡಬೇಕು ಅನ್ನುವುದೆಲ್ಲ ಅವರ ಕೈಯಲ್ಲಿ. ‘ಬೆಟ್ಟಿ ಬೋರ್ಡ್ಸ್’ ಅಂತ ಅಭಿಮಾನಿಗಳು ಬಾಯಿತುಂಬ ಹೇಳುವುದು ಇವಕ್ಕೇ. 1986ರಲ್ಲಿ, ಬಾಡಿಗೆ ಕಟ್ಟದೆ ಉಳಿದ ಗೋದಾಮಿನ ಸಾಮಾನಿನ ಜೊತೆ, ಇಂಥ ನೂರಾರು ರೀಲುಗಳು ಹರಾಜಾದವು. ಕೊಂಡವರಿಂದ ಪ್ರತಿಗಳು ಹರಡಿದವು. ಅಂದರೆ ಕಾರ್ನೆಲ್ ಕಛೇರಿ ಪ್ರಸಿದ್ಧವಾದದ್ದು ವಾಲ್ಟಿನ ಹೊರಗೆ, ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ಟುಗಳಲ್ಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಇದನ್ನು ಸೇರಿಸಿದಾಗ ಕೂಡ ಅಧಿಕೃತ ಬಿಡುಗಡೆ ಆಗಿರಲಿಲ್ಲ. ರೀಲು ವಾಪಸು ಬಂದು, ಸಿಡಿ ಬಂದದ್ದು 2017ರ ಮೇಯಲ್ಲಿ, ನ್ಯೂ ಹೇವನ್, ಬೋಸ್ಟನ್, ಬಫಲೋ ಕಛೇರಿಗಳ ಜೊತೆ 11 ಸಿಡಿಯ ಪೆಟ್ಟಿಗೆಯಾಗಿ.

ಈಗ ಯೋಚಿಸಿ. ಅದೇ ವಸಂತದ ಪ್ರವಾಸದಲ್ಲಿ ತಂಡ ರಾತ್ರಿ ರಾತ್ರಿಯೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನುಡಿಸುತ್ತಿತ್ತು. ಮರುದಿನದ ಬಫಲೋ ಕಛೇರಿಯನ್ನು ಕಾರ್ನೆಲಿಗಿಂತ ಮೇಲಿಡುವವರೂ ಇದ್ದಾರೆ, ಅವರ ಮಾತು ತೆಗೆದುಹಾಕುವಂಥದ್ದಲ್ಲ. ಒಳ್ಳೆಯ ಟೇಪು ಇದ್ದ ರಾತ್ರಿ ಎಲ್ಲರ ಕಿವಿಗೆ ಬಿತ್ತು. ಕೆಟ್ಟ ಟೇಪಿನ ರಾತ್ರಿ ಬೀಳಲಿಲ್ಲ. ನುಡಿಸಿದವರ ಜೊತೆ ಹಿಡಿದವರೂ ಇತಿಹಾಸ ಬರೆದರು ಅಂತ ನಾನು ಹೇಳುವುದು ಈ ಅರ್ಥದಲ್ಲಿ.

ಇದಕ್ಕೆ ತದ್ವಿರುದ್ಧ ಉದಾಹರಣೆ 1974. ಆ ವರ್ಷ ತಂಡ ‘ವಾಲ್ ಆಫ್ ಸೌಂಡ್’ ಅನ್ನುವ ಭಾರಿ ಧ್ವನಿಗೋಡೆ ಕಟ್ಟಿತು. ಸುಮಾರು 600 ಸ್ಪೀಕರು, ತೂಕ 75 ಟನ್. ಗೋಡೆ ನಿಂತದ್ದು ವಾದಕರ ಬೆನ್ನ ಹಿಂದೆ. ಹಾಡುವವರ ಮೈಕಿಗೆ ನೇರ ಎದುರು ಅಷ್ಟು ಸ್ಪೀಕರು ಇದ್ದರೆ ಕೂಗಾಟ ಏಳಲೇಬೇಕಲ್ಲ? ಅದನ್ನು ತಪ್ಪಿಸಲು ಪ್ರತಿ ಗಾಯಕರಿಗೂ ಒಂದರ ಮೇಲೊಂದು ಎರಡು ಮೈಕು ಕೊಟ್ಟು, ಒಂದರ ತಂತಿಯನ್ನು ತಿರುಗಾಮುರುಗಾ ಜೋಡಿಸಿದರು. ಹಿಂದಿನಿಂದ ಬಂದ ಸದ್ದು ಎರಡಕ್ಕೂ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗುತ್ತದೆ. ಒಂದೇ ಮೈಕಿಗೆ ತುಟಿ ತಾಗಿಸಿ ಹಾಡಿದ್ದು ಉಳಿಯುತ್ತದೆ. ಉಪಾಯವೇನೋ ಜಾಣತನದ್ದೇ. ಆದರೆ ಗಾಯಕ ಎರಡು ಬೆರಳು ದೂರ ಸರಿದರೆ ಅವನ ಧ್ವನಿಯೂ ಎರಡಕ್ಕೂ ಬಿದ್ದು ಕರಗುತ್ತದೆ, ಮೊದಲು ಹೋಗುವುದು ಕೆಳಸ್ಥಾಯಿಯ ತುಂಬು. 1974ರ ಟೇಪುಗಳಲ್ಲಿ ಕಂಠ ತೆಳ್ಳಗೆ, ಮೂಗಿನಲ್ಲಿ ಹಾಡಿದಂತೆ ಕೇಳುವುದು ಇದಕ್ಕೇ. ಬಾಸ್, ಪಿಯಾನೋ ಮಾತ್ರ ಅದ್ಭುತ. ಹೊಸ ಬಿಡುಗಡೆ ಬಂದಾಗಲೆಲ್ಲ ‘ಮಾಸ್ಟರಿಂಗ್ ಹಾಳುಮಾಡಿದ್ದಾರೆ’ ಅಂತ, ಅಂದರೆ ಅಚ್ಚಿಗೆ ಮುಂಚಿನ ಕೊನೆಯ ತಿದ್ದುಪಡಿಯನ್ನು, ಬೈಯುವವರಿದ್ದಾರೆ. ಎರಡು ಸಾಲಿನ ಟೇಪಿನಲ್ಲಿ ಇಲ್ಲದ ಕಂಠವನ್ನು ಮಾಸ್ಟರಿಂಗ್ ಮಾಡುವವರು ಎಲ್ಲಿಂದ ತರಬೇಕು?

ಟೇಪಿನ ಉದ್ದದ ಲೆಕ್ಕವನ್ನೂ ಸ್ವಲ್ಪ ನೋಡಿ. 10.5 ಇಂಚಿನ ರೀಲಿನಲ್ಲಿ 2,400 ಅಡಿ ಟೇಪು. ಸೆಕೆಂಡಿಗೆ 7.5 ಇಂಚು ಓಡಿಸಿದರೆ 64 ನಿಮಿಷ. 15 ಇಂಚಾದರೆ ಗುಣಮಟ್ಟ ಹೆಚ್ಚು, ಆದರೆ 32ಕ್ಕೇ ಖತಂ. 7 ಇಂಚಿನ ಸಣ್ಣ ರೀಲಿಗೆ 1,200 ಅಡಿ. ಈ ತಂಡದ ಕಛೇರಿಗೆ ಎರಡು ಭಾಗ, ಎರಡನೆಯದೋ, ಹಾಡಿನಿಂದ ಹಾಡಿಗೆ ನಿಲ್ಲದೆ 80, 90 ನಿಮಿಷ ಹರಿಯುವಂಥದ್ದು. ಎರಡನೇ ರೆಕಾರ್ಡರು ಇಲ್ಲದಿದ್ದರೆ ರೀಲು ಬದಲಿಸುವಾಗ ಸಂಗೀತ ಹೋಯಿತೆಂದೇ ಲೆಕ್ಕ. ಕ್ಯಾಸೆಟ್ಟಿಗೂ ಒಂದು ಮಗ್ಗುಲು 45 ನಿಮಿಷ. ಅದೂ ಗಾರ್ಸಿಯಾ ಏರುತ್ತಿರುವಾಗಲೇ ಮುಗಿಯಬೇಕೇ!

ಹೋದ ಜಾಗಕ್ಕೆ ತೇಪೆ ಹಾಕುವುದು ಪ್ರೇಕ್ಷಕರ ಟೇಪಿನಿಂದ. ಒಳ್ಳೆಯ ತೇಪೆಗೆ ಮೂರು ಕೆಲಸ: ಎರಡರ ವೇಗ ಸರಿಹೊಂದಿಸುವುದು, ತಾಳದ ಒಂದು ಪೆಟ್ಟಿನ ಮೇಲೆ ಕೂಡಿಸುವುದು, ಹಾಲಿನ ಗುಂಯ್‌ಗುಡುವಿಕೆ ಒಮ್ಮೆಲೇ ತೆರೆಯದಂತೆ ಒಂದೆರಡು ಸೆಕೆಂಡು ಮೆಲ್ಲಗೆ ಬೆರೆಸುವುದು. ಹೆಡ್‌ಫೋನಿನಲ್ಲಿ ಕೇಳುವಾಗ ಗೋಡೆಗಳು ಇದ್ದಕ್ಕಿದ್ದಂತೆ ದೂರ ಸರಿದು, ಚಪ್ಪಾಳೆ ಹತ್ತಿರ ಬಂದು, ಅರ್ಧ ನಿಮಿಷದ ಮೇಲೆ ಮತ್ತೆ ಮುಚ್ಚಿಕೊಂಡರೆ ಅಲ್ಲೊಂದು ತೇಪೆ ಇದೆ ಅಂತ ತಿಳಿಯಿರಿ. ‘ಹಾಡು ಅರ್ಧಕ್ಕೆ ನಿಂತರೂ ಸರಿ, ತೇಪೆ ಬೇಡ’ ಅನ್ನುವ ಮಡಿವಂತರಿದ್ದಾರೆ. ನನಗೆ ತೇಪೆಯೇ ವಾಸಿ, ಆದರೆ ಪುಸ್ತಿಕೆಯಲ್ಲಿ ಬರೆದು ಹಾಕಬೇಕು.

ಎರಡನ್ನೂ ಉದ್ದಕ್ಕೂ ಬೆರೆಸುವ ‘ಮ್ಯಾಟ್ರಿಕ್ಸ್’ ಅನ್ನುವುದೊಂದಿದೆ, ಅಭಿಮಾನಿಗಳು ಮನೆಯಲ್ಲೇ ಮಾಡುವಂಥದ್ದು. ಸೌಂಡ್‌ಬೋರ್ಡಿನ ಸ್ಪಷ್ಟತೆಗೆ ಹಾಲಿನ ಗಾಳಿ ಸೇರಿಸುವುದು. ಕೈಹಾಕಿದವರಲ್ಲಿ ಹೆಚ್ಚಿನವರು ಕೆಡಿಸುವುದು ಎರಡು ಕಡೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಮೈಕು ಸ್ಪೀಕರಿನಿಂದ 30 ಮೀಟರ್ ಹಿಂದಿದ್ದರೆ 87 ಮಿಲಿಸೆಕೆಂಡು ತಡ. ಅಷ್ಟು ಹಿಂದಕ್ಕೆ ಎಳೆದು ಹೊಂದಿಸದಿದ್ದರೆ ಪ್ರತಿ ಪೆಟ್ಟೂ ಎರಡೆರಡು. ಇದನ್ನು ಎಲ್ಲರೂ ಮಾಡುತ್ತಾರೆ. ಮರೆಯುವುದು ಎರಡನೆಯದನ್ನು: ಎರಡು ಯಂತ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ ಇದ್ದರೂ 90 ನಿಮಿಷಕ್ಕೆ 5.4 ಸೆಕೆಂಡು ಜಾರುತ್ತದೆ. ಮೊದಲ ಹಾಡು ಕೂಡಿದ್ದು, ಮೂರನೆಯದು ಬಾವಿಯೊಳಗಿನ ಪ್ರತಿಧ್ವನಿ. 80ರ ದಶಕದ ಡಿಜಿಟಲ್ ಟೇಪುಗಳಲ್ಲಿ ಈ ಸಾವಿರಕ್ಕೊಂದು ಪಾಲು ಎಲ್ಲಿಂದ ಬರುತ್ತದೆ ಗೊತ್ತೇ? ಆಗ ಧ್ವನಿಯನ್ನು ಅಂಕಿಗಳಾಗಿ ಮಾಡಿ ಬೀಟಾಮ್ಯಾಕ್ಸ್ ವೀಡಿಯೊ ಕ್ಯಾಸೆಟ್ಟಿನಲ್ಲಿ ಚಿತ್ರದ ರೂಪದಲ್ಲಿ ತುಂಬುತ್ತಿದ್ದರು. ಅಮೆರಿಕದ ಟಿವಿ ಪದ್ಧತಿಗೆ ಹೊಂದಲು ಸೆಕೆಂಡಿಗೆ 44,056 ಮಾದರಿ, ಅಂದರೆ ಧ್ವನಿಯನ್ನು ಅಷ್ಟು ಸಲ ಅಳೆದ ಅಂಕಿಗಳು. ಅದನ್ನು ಹಾಗೇ ಸಿಡಿಯ 44,100ಕ್ಕೆ ಸುರಿದರೆ ಅಷ್ಟು ಬೇಗ ಓಡುತ್ತದೆ. ಕಿವಿಗೆ ತಿಳಿಯುವುದಿಲ್ಲ, ಮ್ಯಾಟ್ರಿಕ್ಸಿಗೆ ತಿಳಿಯುತ್ತದೆ.

ವಾಲ್ಟಿನವರೂ ಇಂಥ ಮಿಲಿಸೆಕೆಂಡಿನ ಕೆಲಸಕ್ಕೆ ಕೂತದ್ದುಂಟು. 1968ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ಶ್ರೈನ್ ಸಭಾಂಗಣದಲ್ಲಿ ಹಿಡಿದ 8 ಸಾಲಿನ ಟೇಪು ಬಹುಕಾಲ ಮೂಲೆಯಲ್ಲೇ ಉಳಿದಿತ್ತು. ಒಂದೇ ವಾದ್ಯ ಹಲವು ಮೈಕಿಗೆ ಬೇರೆ ಬೇರೆ ಹೊತ್ತಿಗೆ ಬಿದ್ದು, ಕೂಡಿಸಿದರೆ ಎಲ್ಲ ಕಲಸುಮೇಲೋಗರ. ಮೈಕು ಮೈಕಿನ ನಡುವಿನ ತಡವನ್ನು ಅಳೆದು, ಪ್ರತಿ ಸಾಲನ್ನೂ ಅಷ್ಟಷ್ಟು ಸರಿಸಿ, 1992ರಲ್ಲಿ ಹೊರತಂದರು. ಸಾಲುಗಳು ಬೇರೆ ಬೇರೆ ಇದ್ದುದರಿಂದ ಮಾತ್ರ ಅದು ಸಾಧ್ಯವಾಯಿತು.

ಟೇಪಿನ ಕಾಯಿಲೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 70ರ ದಶಕದ ನಡುವಿನಿಂದ ಬಂದ ಕೆಲವು ಟೇಪುಗಳಲ್ಲಿ ಕಾಂತದ ಪುಡಿ ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರುಗುಟ್ಟಿ, ಟೇಪು ಓದುವ ಹೆಡ್ಡಿಗೆ ಕಂದು ಗಸಿ ಮೆತ್ತಿ, ಸಂಗೀತವೇ ಕಳಚಿ ಬರುತ್ತದೆ. ಪರಿಹಾರ ಬೇಯಿಸುವುದು: 50ರಿಂದ 55 ಡಿಗ್ರಿ ಸೆಲ್ಸಿಯಸ್, ಎಂಟು ಗಂಟೆಗೆ ಕಡಿಮೆ ಇಲ್ಲದೆ, ಶಾಖ ಏರಿಳಿಯದ ಪೆಟ್ಟಿಗೆಯಲ್ಲಿ. ಆಮೇಲೆ ಕೆಲವು ವಾರ ಚೆನ್ನಾಗಿ ಓಡುತ್ತದೆ, ಅಷ್ಟರಲ್ಲಿ ನಕಲು ತೆಗೆಯಬೇಕು. ಅಡುಗೆಮನೆಯ ಓವನ್ನು ಈ ಕೆಲಸಕ್ಕಲ್ಲ. 60ರ ದಶಕದ ಅಸಿಟೇಟ್ ಟೇಪನ್ನಂತೂ ಬೇಯಿಸಲೇಬಾರದು, ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ.

ಈಗ ‘ಪೂರ್ತಿ ಬೇಕೋ, ಆಯ್ದದ್ದು ಸಾಕೋ’ ಅನ್ನುವ ಹಳೆಯ ವ್ಯಾಜ್ಯ. ಡಿಕ್ಸ್ ಪಿಕ್ಸಿನ ಮೊದಲ ಸಂಪುಟ 1973ರ ಡಿಸೆಂಬರ್ 19ರ ಟ್ಯಾಂಪಾ ಕಛೇರಿ. ಎರಡೇ ಸಿಡಿ, ಹಲವು ಹಾಡು ಹೊರಗೆ. ಆ ಸರಣಿಯ ಮೇಲೆ ‘ಕೊಳ್ಳುವವರೇ ಎಚ್ಚರ ವಹಿಸಲಿ’ ಅನ್ನುವ ಅರ್ಥದ ಸೂಚನೆಯೂ ಇರುತ್ತಿತ್ತು, ದೋಷ ಕಂಡರೆ ದೂರಬೇಡಿ ಅಂತ. ಈಗಿನ ಡೇವ್ಸ್ ಪಿಕ್ಸಿನಲ್ಲಿ ಸಾಮಾನ್ಯವಾಗಿ ಮೂರು ಸಿಡಿಗೆ ಪೂರ್ತಿ ಕಛೇರಿ. ಹಾಗೆ ಮಾಡಿದ ಮೇಲೆ ಸಿಡಿಯ 80 ನಿಮಿಷದ ಮಿತಿ ಕಾಡುತ್ತದೆ. ಎರಡನೇ ಭಾಗ 88 ನಿಮಿಷ ಇದ್ದರೆ ಎಲ್ಲಿ ಕತ್ತರಿಸಬೇಕು? ಸಾಮಾನ್ಯ ಉತ್ತರ: ಡ್ರಮ್ ಭಾಗಕ್ಕೆ ಮುಂಚೆ.

ಈ ಡ್ರಮ್ ಭಾಗದ ಬಗ್ಗೆ ಒಂದು ಮಾತು, ದಾರಿ ಸ್ವಲ್ಪ ಬಿಟ್ಟು. ಬಿಲ್ ಕ್ರೂಟ್ಸ್‌ಮನ್, ಮಿಕಿ ಹಾರ್ಟ್ ಇಬ್ಬರೇ ಉಳಿದು ಹತ್ತಿಪ್ಪತ್ತು ನಿಮಿಷ ನುಡಿಸುವುದು, 70ರ ದಶಕದ ಕೊನೆಯಿಂದ ಹೆಚ್ಚುಕಡಿಮೆ ಪ್ರತಿ ಕಛೇರಿಯಲ್ಲೂ. ಆ ಹೊತ್ತಿಗೆ ಎದ್ದು ಹೊರಗೆ ಹೋಗುವವರು ಹಲವರು. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರನ್ನು ಕಂಡ ನಮಗೆ ಇದೇನು ಹೊಸದಲ್ಲ. ಹಾರ್ಟ್‌ಗೂ ನಮ್ಮ ಲಯಕ್ಕೂ ನಿಜವಾದ ನಂಟೇ ಇದೆ: ಅಲ್ಲಾ ರಖಾ ಅವರಿಂದ ಕಲಿತವರು, ಜಾಕಿರ್ ಹುಸೇನ್ ಜೊತೆ 1976ರಲ್ಲಿ ‘ದಿಗಾ ರಿದಮ್ ಬ್ಯಾಂಡ್’ ತಂದವರು. 1991ರ ಅವರ ‘ಪ್ಲಾನೆಟ್ ಡ್ರಮ್’ನಲ್ಲಿ ಘಟ ನುಡಿಸಿದ್ದು ವಿಕ್ಕು ವಿನಾಯಕರಾಮ್. ತಂಡದ ಹಾಡುಗಳಲ್ಲಿ ಹತ್ತು ಎಣಿಕೆಯದ್ದೂ ಇದೆ, ಹನ್ನೊಂದರದ್ದೂ ಇದೆ. ಕೈಯಲ್ಲಿ ತಾಳ ಹಾಕುತ್ತ ಕೇಳಿ ನೋಡಿ. ಹಾಗಾಗಿ ‘ಡ್ರಮ್ ಭಾಗ ತೆಗೆದು ಎರಡೇ ಸಿಡಿ ಮಾಡಿ’ ಅನ್ನುವ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮತ್ತೆ ದಾರಿಗೆ ಬರೋಣ. ಆಯ್ಕೆ ಯಾವಾಗಲೂ 1972, 73, 74, 77ರ ಸುತ್ತಲೇ ಯಾಕೆ, 80ರ ದಶಕ ಯಾಕೆ ಅಷ್ಟು ಕಡಿಮೆ ಅಂತ ಪ್ರತಿ ಬಿಡುಗಡೆಗೂ ಕೂಗು ಏಳುತ್ತದೆ. ‘ಆಯ್ಕೆ ಮಾಡುವವರಿಗೆ ಆ ದಶಕದ ಕೀಬೋರ್ಡ್ ವಾದಕ ಬ್ರೆಂಟ್ ಮಿಡ್ಲಂಡ್ ಕಂಡರಾಗದು’ ಅನ್ನುವವರೆಗೂ ಮಾತು ಹೋಗುತ್ತದೆ. ಅಷ್ಟು ದೂರ ಹೋಗಬೇಕಿಲ್ಲ. 70ರ ದಶಕ ಮುಗಿಯುವ ಹೊತ್ತಿಗೆ ವಾಲ್ಟಿಗೆ ಬಂದು ಸೇರುತ್ತಿದ್ದದ್ದು ಹೆಚ್ಚಾಗಿ ಕ್ಯಾಸೆಟ್ಟು. ಕ್ಯಾಸೆಟ್ಟು ಓಡುವುದು ಸೆಕೆಂಡಿಗೆ 1⅞ ಇಂಚು, 7.5ರ ನಾಲ್ಕನೇ ಒಂದು ಪಾಲು. ಸುಂಯ್‌ಗುಡುವಿಕೆ ಹೆಚ್ಚು, ಶ್ರುತಿ ತೊನೆದಾಟ ಹೆಚ್ಚು. ಬೀಟಾಮ್ಯಾಕ್ಸಿನಲ್ಲಿರುವುದಕ್ಕೆ ಟಪ್ ಟಪ್ ಸಿಡಿತ. ಆದರೂ ಒಂದು ದೂರು ನ್ಯಾಯವಾದದ್ದೇ: ಆ ಕಾಲದ ಪ್ರೇಕ್ಷಕರ ಟೇಪುಗಳು ತುಂಬ ಚೆನ್ನಾಗಿವೆ. ಸೌಂಡ್‌ಬೋರ್ಡೇ ಬೇಕೆಂಬ ಹಟ ಬಿಟ್ಟರೆ 80ರ ದಶಕದ ಬಾಗಿಲು ತೆರೆಯುತ್ತದೆ. ಬಿಡುತ್ತಿಲ್ಲ.

ದುಡ್ಡಿನ ತಕರಾರು ಸಣ್ಣದಾಗಿ. 2012ರ ಮೊದಲ ಡೇವ್ಸ್ ಪಿಕ್ಸ್ 12,000 ಪ್ರತಿ, 2015ರ 80 ಸಿಡಿಯ ಪೆಟ್ಟಿಗೆ 6,500, ಬೆಲೆ ಸುಮಾರು 700 ಡಾಲರ್. ವರ್ಷದ ಚಂದಾ ಕಟ್ಟಿದವರಿಗೆ ಹೆಚ್ಚಿನ ಒಂದು ಸಿಡಿ. ಬಿಡಿಯಾಗಿ ಕೊಳ್ಳುವವರಿಗೆ ಪೂರ್ತಿ ಕಛೇರಿಯ ತುಣುಕೊಂದು ಆ ಹೆಚ್ಚುವರಿ ಸಿಡಿಯಲ್ಲೇ ಉಳಿದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಮಿತಿಯ ಸಂಖ್ಯೆಯಿಂದ ಲಾಭ ಮಾಡಿಕೊಳ್ಳುವುದು ಮರುದಿನವೇ ಎರಡು ಪಟ್ಟಿಗೆ ಮಾರುವವರು.

ಮನೆಯಲ್ಲಿ ಹಳೆಯ ಫೈಲುಗಳಿಂದ ಸಿಡಿ ಮಾಡಿಕೊಳ್ಳುವವರಿಗೆ ಒಂದು ಮಾತು. ಹಾಡಿನಿಂದ ಹಾಡಿಗೆ ಹರಿಯುವ ಕಡೆ ‘ಟಿಕ್’ ಅಂತ ಸಣ್ಣ ಸದ್ದು ಬಂದರೆ ಟೇಪನ್ನು ದೂರಬೇಡಿ. ಸಿಡಿಯ ಒಂದು ಚೌಕಟ್ಟಿಗೆ 588 ಮಾದರಿ, ಸೆಕೆಂಡಿಗೆ 75 ಚೌಕಟ್ಟು. ಫೈಲಿನ ಉದ್ದ 588ರಿಂದ ಸರಿಯಾಗಿ ಭಾಗವಾಗದಿದ್ದರೆ ಬರೆಯುವ ತಂತ್ರಾಂಶ ಉಳಿದ ಜಾಗಕ್ಕೆ ಮೌನ ತುಂಬುತ್ತದೆ. ಕೇಳಿಸುವುದು ಆ ಮೌನ. ಹಾಡುಗಳನ್ನು ಬಿಡಿಬಿಡಿಯಾಗಿ ಸರಿಪಡಿಸಹೋಗದೆ, ಎಲ್ಲವನ್ನೂ ಒಂದಾಗಿ ಜೋಡಿಸಿ, ಚೌಕಟ್ಟಿನ ಗೆರೆಯ ಮೇಲೆ ಮತ್ತೆ ಕತ್ತರಿಸಿ.

ಕೊನೆಯದಾಗಿ ವೇಗ. ‘ಈ ಟೇಪು ಬೇಗ ಓಡುತ್ತಿದೆ’, ‘ಇಲ್ಲ, ನಿಮ್ಮ ಕಿವಿ’ ಅನ್ನುವ ಜಗಳಕ್ಕೆ ಕಿವಿ ಬೇಕಿಲ್ಲ. ನೂರಕ್ಕೆ ಮೂರು ಬೇಗ ಓಡಿದರೆ ಶ್ರುತಿ ಸುಮಾರು ಅರ್ಧ ಸ್ವರಸ್ಥಾನ ಮೇಲೇರುತ್ತದೆ, ಅದು ಗೊತ್ತಾಗುತ್ತದೆ. ನೂರಕ್ಕೆ ಒಂದಾದರೆ ವಾದಕರು ಮೇಲೆ ಶ್ರುತಿ ಮಾಡಿಕೊಂಡಿರಬಹುದೇ ಅನ್ನುವ ಅನುಮಾನ ಉಳಿಯುತ್ತದೆ. ಹಾಗಾಗಿ ಹಾಡನ್ನು ಬಿಡಿ, ಹಾಡುಗಳ ನಡುವೆ ಆಂಪ್ಲಿಫೈಯರುಗಳು ಸುಮ್ಮನೆ ಗುಂಯ್‌ಗುಡುತ್ತಿರುವ ಜಾಗ ಹುಡುಕಿ. ಅಮೆರಿಕದ ವಿದ್ಯುತ್ತು 60 ಹರ್ಟ್ಜ್, ಅದರ ಗುಂಯ್ ಸೌಂಡ್‌ಬೋರ್ಡ್ ಟೇಪುಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಹತ್ತು ಸೆಕೆಂಡಿನ ತುಂಡು ಕತ್ತರಿಸಿ, ಯಾವ ಕಂಪನ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಚಿತ್ರವನ್ನು ತಂತ್ರಾಂಶದಲ್ಲಿ ನೋಡಿ. ಹತ್ತು ಸೆಕೆಂಡಿದ್ದರೆ ಒಂದು ಹರ್ಟ್ಜಿನ ಹತ್ತನೇ ಒಂದು ಪಾಲಿನವರೆಗೆ ಓದಬಹುದು. ಮೊನೆ 60.6ರಲ್ಲಿ ನಿಂತರೆ ಟೇಪು ನೂರಕ್ಕೆ ಒಂದು ಬೇಗ. 60 ಸರಿಯಾಗಿ ಕಾಣದಿದ್ದರೆ ಅದರ ಮೂರು ಪಟ್ಟು, 180ರ ಹತ್ತಿರ ನೋಡಿ. ಅಲ್ಲಿ ವ್ಯತ್ಯಾಸವೂ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಯುರೋಪ್ ಕಛೇರಿಯಾದರೆ 50, 150.

ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ರೀಲಿನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ. ಎರಡೂ ಕಡೆ ಒಂದೇ ಅಂಕಿ ಬಂದರೆ ಒಂದೇ ಗುಣಕದಿಂದ ಸರಿಹೋಗುತ್ತದೆ. ಆರಂಭದಲ್ಲಿ 60.2, ಕೊನೆಯಲ್ಲಿ 60.9 ಬಂದರೆ ಯಂತ್ರ ನಡುವೆ ಜಾರಿದೆ ಅಂತ ಅರ್ಥ, ಮನೆಯ ಲೆಕ್ಕ ಅಲ್ಲಿಗೆ ಮುಗಿಯಿತು. ವಾಲ್ಟಿನವರು ಇಂಥ ರೀಲುಗಳಿಗೆ ‘ಪ್ಲಾಂಜೆಂಟ್’ ಅನ್ನುವ ವಿಧಾನ ಬಳಸುತ್ತಾರೆ. ರೆಕಾರ್ಡ್ ಮಾಡುವಾಗ ಯಂತ್ರ ತಾನಾಗಿ ಟೇಪಿಗೆ ಬೆರೆಸುವ, ನಮ್ಮ ಕಿವಿಗೆ ಎಟುಕದಷ್ಟು ಎತ್ತರದ ಬಯಾಸ್ ಸ್ವರವೊಂದಿರುತ್ತದೆ. ವಿಶೇಷ ಹೆಡ್ಡಿನಿಂದ ಅದನ್ನೂ ಎತ್ತಿಕೊಂಡು, ಅದು ತೊನೆದಷ್ಟೂ ಸಂಗೀತವನ್ನು ಕ್ಷಣಕ್ಷಣಕ್ಕೂ ಹಿಂದಕ್ಕೆ ತಿದ್ದುವುದು. ಆ ಸ್ವರ ಸಿಗಬೇಕಾದರೆ ಮೂಲ ರೀಲೇ ಯಂತ್ರದ ಮೇಲಿರಬೇಕು. ಕೈಯಿಂದ ಕೈಗೆ ದಾಟಿ ಬಂದ ನಾಲ್ಕನೇ ನಕಲಿನಲ್ಲಿ ಅದು ಉಳಿದಿರುವುದಿಲ್ಲ.